ಜಿಲಾಲಿಯ ಗುರಾಣಿ, ಅತ್ತೆಯ ಮುಚ್ಚಳ

ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದವನಿಗೆ ಜನ ಆ ಕೆಲಸದ ಹೆಸರನ್ನೇ ಅಂಟಿಸಿಬಿಡುತ್ತಾರೆ. ಗಡಿಯಾರ ರಿಪೇರಿಯಂಥ ಮರ್ಯಾದಸ್ಥ ಕೆಲಸವಾದರೆ ಪರವಾಗಿಲ್ಲ. ಜಿಲಾಲಿ ದುಕ್ಕಾಲಿಯ ಗ್ರಹಚಾರಕ್ಕೆ ಅವನದು ತೂತು ಕೊರೆಯುವ ಕೆಲಸ.

ಕಾಸಾಬ್ಲಾಂಕದ ಐನ್ ಸೆಬಾ ಬಡಾವಣೆಯಲ್ಲಿರುವ ಹಾಜ್ ಲರ್ಬಿಯ ಕಾರ್ಖಾನೆಯಲ್ಲಿ, ಗಲಾಟೆಯ ದಿನ ಪೊಲೀಸರು ಎದೆಗೆ ಅಡ್ಡ ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ಗುರಾಣಿಗಳು ತಯಾರಾಗುತ್ತಿದ್ದವು. ಒಂದೊಂದು ಗುರಾಣಿಗೂ ಹಿಡಿಕೆ ಕೂರಿಸಲು ನಾಲ್ಕು ತೂತು. ಆ ನಾಲ್ಕನ್ನೂ ಕೂದಲೆಳೆಯಷ್ಟೂ ಓರೆಯಾಗದಂತೆ ಕೊರೆಯುವವನು ಜಿಲಾಲಿ. ಇಡೀ ನಗರದಲ್ಲಿ ಅಷ್ಟು ನೇರವಾಗಿ ಕೊರೆಯುವ ಇನ್ನೊಬ್ಬನಿರಲಿಲ್ಲ. ಅದಕ್ಕೆ ಸಿಕ್ಕ ಬಿರುದು ‘ತೂತು ಜಿಲಾಲಿ’. (ಮದುವೆಮನೆಯಲ್ಲಿ, ಬೀಗರೆದುರು, ದೊಡ್ಡ ದನಿಯಲ್ಲಿ ಹೀಗೆಯೇ ಪರಿಚಯ ಮಾಡಿಕೊಡುತ್ತಿದ್ದರು. ಯಾರ ಹೊಟ್ಟೆ ಉರಿಯುವುದಿಲ್ಲ, ನೀವೇ ಹೇಳಿ.)

ಮನೆಯಲ್ಲಾದರೂ ಮರ್ಯಾದೆಯಿತ್ತೇ ಎಂದರೆ, ಅಲ್ಲಿ ಬಿರುದೂ ಇಲ್ಲದ ಬರಿಯ ಜಿಲಾಲಿ. ಹೈ ಮೊಹಮ್ಮದಿ ಬಡಾವಣೆಯಲ್ಲಿ, ಮೂರನೆಯ ಮಹಡಿಯ ಆ ಪುಟ್ಟ ಮನೆಗೆ ಅಡುಗೆಮನೆಯೇ ರಾಜಧಾನಿ. ಅಲ್ಲಿ ಮಹಾರಾಣಿ ಅವನ ಹೆಂಡತಿ ತಾಮೂ. ರಾಜಮಾತೆ ತಾಮೂಳ ಹೆತ್ತತಾಯಿ ಲಾಲಾ ಯಾಮ್ನಾ. (‘ಲಾಲಾ’ ಎಂದರೆ ಅಲ್ಲಿ ಹೆಂಗಸರ ಹೆಸರಿಗೆ ಸೇರಿಸುವ ಗೌರವ.) ಎಪ್ಪತ್ತೆಂಟು ವರ್ಷದ ಲಾಲಾ ಯಾಮ್ನಾ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಕೈಗೆ ಸಿಕ್ಕಿದ್ದನ್ನು ಇನ್ನೊಂದಕ್ಕೆ ಕಟ್ಟಿ ಮೂರನೆಯದೇನನ್ನೋ ಮಾಡುತ್ತಲೇ ಇರುತ್ತಿದ್ದರು. ಮುರಿದ ಛತ್ರಿಯ ಕಡ್ಡಿಗಳಿಂದ ಕಾಲುಚೀಲ ಒಣಹಾಕುವ ಚಕ್ರ, ಹಳೆಯ ಟೂತ್‌ಬ್ರಷ್ ಬಗ್ಗಿಸಿ ಟೀಪಾಟಿನ ಮೂತಿ ತೊಳೆಯುವ ಕೊಕ್ಕೆ, ಹೀಗೆ. ಜಿಲಾಲಿಯ ಕಣ್ಣಿಗೆ ಅದೆಲ್ಲ ಕಸ. ಕಸವನ್ನು ಯಾರು ತಿರುಗಿ ನೋಡುತ್ತಾರೆ? ಅವನೂ ನೋಡುತ್ತಿರಲಿಲ್ಲ.

ತಾಮೂ ಫೋನಿನಲ್ಲಿ ಅಡುಗೆಯ ವಿಡಿಯೊ ಮಾಡಿ ಲೋಕಕ್ಕೆ ಬಿಡುತ್ತಿದ್ದಳು. ಹೆಸರು ‘ತಾಮೂಳ ಕೈ’. ಆ ಕಡೆಯ ಎಷ್ಟೋ ಹೆಂಗಸರಂತೆ ಅವಳೂ ಮುಖ ತೋರಿಸುತ್ತಿರಲಿಲ್ಲ. ಮದರಂಗಿ ಹಚ್ಚಿದ ಎರಡು ಕೈ, ಒಂದು ಬಾಣಲೆ, ಹಿನ್ನೆಲೆಯಲ್ಲಿ ಅವಳ ದನಿ, ಅಷ್ಟೆ. ಚಿತ್ರೀಕರಣದ ಹೊತ್ತಿನಲ್ಲಿ ಜಿಲಾಲಿಗೆ ಎರಡು ಕಟ್ಟಪ್ಪಣೆ: ಕಾಣಿಸಬಾರದು, ಕೇಳಿಸಬಾರದು. ಆದರೆ ಬೂತಾಯಿ ಮೀನು ಎಣ್ಣೆಗೆ ಬಿದ್ದ ವಾಸನೆ ಬಂದರೆ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಮೆಲ್ಲಗೆ ಬರುವುದು, ತಟ್ಟೆಯಿಂದ ಬಿಸಿಬಿಸಿ ಮೀನೊಂದನ್ನು ಎತ್ತುವುದು, ಬಾಯಿಗೆ ಹಾಕಿಕೊಂಡು ತೀರ್ಪು ಕೊಡುವುದು:

“ಉಪ್ಪು ಕಮ್ಮಿ.”

ಕರಿದ ಮೀನನ್ನು ಮತ್ತೆ ಹಸಿ ಮಾಡಿ ಮೊದಲಿನಿಂದ ಚಿತ್ರಿಸಲು ಸಾಧ್ಯವೇ? ತಾಮೂ ಹಲ್ಲು ಕಚ್ಚಿ ಹಾಗೆಯೇ ಬಿಟ್ಟುಬಿಡುತ್ತಿದ್ದಳು. ಜಿಲಾಲಿ ಮಾತ್ರ ಒಂದು ವಿಡಿಯೊವನ್ನೂ ನೋಡಿದವನಲ್ಲ. “ತಿಂದು ಮುಗಿಸಿದ್ದನ್ನ ಮತ್ತೆ ನೋಡೋದೇನಿದೆ?” ಎನ್ನುವುದು ಅವನ ಸಿದ್ಧಾಂತ.

ಹೀಗಿರುವಾಗ ಒಂದು ದಿನ ಕಾರ್ಖಾನೆಗೆ ಪೊಲೀಸ್ ಅಧಿಕಾರಿಯೊಬ್ಬರು ಬಂದರು. ಗುರಾಣಿ ತಿರುಗಿಸಿ ನೋಡಿ, “ನಮ್ಮ ಹುಡುಗರದ್ದು ಒಂದೇ ಗೋಳು, ಹಾಜ್. ಒಂದು ಕೈಲಿ ಗುರಾಣಿ, ಒಂದು ಕೈಲಿ ಲಾಠಿ. ಕ್ಯಾಮೆರಾ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋಣ? ಗುರಾಣಿಗೆ ಇನ್ನೊಂದು ತೂತು ಕೊರೆದು ಕ್ಯಾಮೆರಾ ಕೂರಿಸಿದ್ರೆ ಅಲ್ಲೇ ಬಿರುಕು ಬಿಡತ್ತೆ” ಎಂದರು.

ಡ್ರಿಲ್ಲಿಂಗ್ ಮೆಷಿನ್ ಪಕ್ಕ ನಿಂತಿದ್ದ ಜಿಲಾಲಿಯ ತಲೆಯೊಳಗೆ ದೀಪ ಹತ್ತಿಕೊಂಡಿತು. ತೂತೇ ಬೇಡ! ಗಾಜಿಗೆ ಒತ್ತಿದರೆ ಕಚ್ಚಿ ಕೂರುವ ರಬ್ಬರ್ ಬಟ್ಟಲು, ಅದರ ಬೆನ್ನಿಗೆ ಕ್ಯಾಮೆರಾ, ಮೇಲೊಂದು ಪಟ್ಟಿ. ಗುರಾಣಿಯ ಒಳಗಿನಿಂದ ಅಂಟಿಸಿದರೆ ಕ್ಯಾಮೆರಾ ಹೊರಗಿನದನ್ನೆಲ್ಲ ನೋಡುತ್ತದೆ, ಕಲ್ಲು ಬಿದ್ದರೆ ಗುರಾಣಿಯೇ ಅದನ್ನೂ ಕಾಯುತ್ತದೆ. ಇಪ್ಪತ್ತಾರು ವರ್ಷ ತೂತಿನ ಋಣದಲ್ಲಿ ಬದುಕಿದವನಿಗೆ ತೂತಿಲ್ಲದ ಉಪಾಯ ಹೊಳೆದದ್ದು ದೈವಕೃಪೆಯಲ್ಲದೆ ಮತ್ತೇನು. ಎಲ್ಲಿಂದ ಹೊಳೆಯಿತು ಎಂದು ಅವನು ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹಾಜ್ ಲರ್ಬಿ ಗಡ್ಡ ಕೆರೆದುಕೊಂಡು ಕೇಳಿಸಿಕೊಂಡರು. “ಮಾತು ಚೆನ್ನಾಗಿದೆ. ಆದ್ರೆ ನಾವು ಮಾಡಿದ ಮರುದಿನ ಪಕ್ಕದ ಕಾರ್ಖಾನೆಯವನೂ ಮಾಡ್ತಾನೆ. ನೀನು ಪೇಟೆಂಟ್ ತಗೊಂಡು ಬಾ, ಜಿಲಾಲಿ. ಆ ಕಾಗದ ಬಂದ ದಿನ ನಿನ್ನನ್ನ ಮೇಸ್ತ್ರಿ ಮಾಡ್ತೀನಿ. ಗಾಜಿನ ಕೋಣೆ ನಿನ್ನದು.”

ಗಾಜಿನ ಕೋಣೆ! ಹಳೆಯ ಮೇಸ್ತ್ರಿ ನಿವೃತ್ತನಾದ ಮೇಲೆ ಖಾಲಿ ಬಿದ್ದಿದ್ದ, ಫ್ಯಾನು ಮತ್ತು ತಿರುಗುವ ಕುರ್ಚಿಯಿದ್ದ ಕೋಣೆ. ಅದರಲ್ಲಿ ಕೂತವನನ್ನು ಯಾರೂ ತೂತು ಎನ್ನಲಾರರು. ಜಿಲಾಲಿಗೆ ಅಂದಿನಿಂದ ಆ ಕುರ್ಚಿಯದೇ ಧ್ಯಾನ.

ವಿಚಾರಿಸಲು ಪೇಟೆಂಟ್ ಕಚೇರಿಗೆ ಹೋದರೆ, ಕೌಂಟರಿನ ಗುಮಾಸ್ತ ಒಂದೇ ಉಪದೇಶ ಕೊಟ್ಟ. “ಅರ್ಜಿ ಕೊಡೋ ತನಕ ಯಾರಿಗೂ ತೋರಿಸ್ಬೇಡಿ, ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಹೊಸದು ಅಂದ್ರೆ ಇಡೀ ಲೋಕಕ್ಕೇ ಹೊಸದಾಗಿರ್ಬೇಕು. ಅರ್ಜಿಗಿಂತ ಮುಂಚೆ ಒಬ್ಬರು ಎಲ್ಲೋ ನಾಲ್ಕು ಜನಕ್ಕೆ ತೋರಿಸಿಬಿಟ್ಟಿದ್ರೂ ಮುಗೀತು.”

ಜಿಲಾಲಿ ಬಾಯಿಗೆ ಬೀಗ ಹಾಕಿಕೊಂಡ. ಪ್ರಯೋಗ ಮಾಡಿ ನೋಡಲು ಒಂದು ನಮೂನೆ ಬೇಕಲ್ಲ, ಅದನ್ನು ಬಟ್ಟೆ ಒಣಹಾಕುವ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಮಾಡತೊಡಗಿದ. ರಬ್ಬರ್ ಬಟ್ಟಲು ಎಲ್ಲಿ ಸಿಗುತ್ತದೆಂದು ಅಂಗಡಿ ಅಂಗಡಿ ಅಲೆಯುವ ಕಷ್ಟವೂ ಬರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ, ತೊಳೆದು ಒಣಗಲು ಇಟ್ಟಂತೆ, ಅಂಥದ್ದೊಂದು ಬಿದ್ದಿತ್ತು. ಅತ್ತೆಯ ಕಸದಲ್ಲಿ ಇದೂ ಒಂದು ಎಂದುಕೊಂಡು ಜೇಬಿಗೆ ಹಾಕಿದ.

ಅಂದು ಮಂಗಳವಾರ. ಮಂಗಳವಾರವೆಂದರೆ ತಾಮೂಳಿಗೆ ಬೂತಾಯಿ ಮೀನಿನ ದಿನ.

“ಅಮ್ಮಾ, ರಬ್ಬರ್ ಎಲ್ಲಿ?” ಎಂಬ ಕೂಗು ಕೇಳಿ ಜಿಲಾಲಿ ಪತ್ರಿಕೆಯೊಳಗೆ ಮುಖ ಹುದುಗಿಸಿದ.

“ಕಿಟಕೀಲಿಟ್ಟಿದ್ದೆ ಕಣೇ” ಎಂದರು ಲಾಲಾ ಯಾಮ್ನಾ.

“ಕಿಟಕೀಲಿಲ್ಲ. ರಬ್ಬರಿಗೆ ಕಾಲು ಬಂತಾ? ಮಸಾಲೆ ತುಂಬಿ ಇಟ್ಟಾಗಿದೆ, ಎಣ್ಣೆ ಕಾದಿದೆ, ನಾನೀಗ ಫೋನ್ ಎಲ್ಲಿ ಸಿಗಿಸ್ಲಿ? ಸೀ ಜಿಲಾಲಿ, ಬನ್ನಿ ಇಲ್ಲಿ. ಪತ್ರಿಕೇಲಿ ಇರೋದು ಓಡಿಹೋಗಲ್ಲ.”

(ತಾಮೂ ಹೆಸರಿನ ಮುಂದೆ ‘ಸೀ’ ಸೇರಿಸಿದಳೆಂದರೆ ಗೌರವ ಕೊಟ್ಟಳೆಂದಲ್ಲ, ಕೆಲಸ ಹಚ್ಚುತ್ತಾಳೆಂದು.)

ಹೀಗೆ, ಕೈ ಬಳಸದೆ ಕ್ಯಾಮೆರಾ ಕೂರಿಸುವ ಸಾಧನದ ಮಹಾನ್ ಆವಿಷ್ಕಾರಕ ಕುದಿಯುವ ಎಣ್ಣೆಯೆದುರು ಎರಡು ಕೈಯಲ್ಲೂ ಫೋನ್ ಹಿಡಿದು ನಿಂತ. ಮೀನು ಎಣ್ಣೆಗೆ ಬಿತ್ತು. ಎಣ್ಣೆ ಸಿಡಿದು ಅವನ ಮಣಿಕಟ್ಟಿಗೆ ಬಿತ್ತು.

“ಅಯ್ಯಯ್ಯೋ!”

“ಅಲ್ಲಾಡ್ಬೇಡಿ. ಚಿತ್ರ ಕುಣಿಯತ್ತೆ.”

“ಚಿತ್ರ ಹಾಳಾಗ್ಲಿ, ನನ್ನ ಕೈ ಬೇಯ್ತಿದೆ ತಾಮೂ.”

“ಗಂಡಸು ತಾನೇ? ಎರಡು ಹನಿ ಎಣ್ಣೆಗೆ ಇಷ್ಟು ಗೋಳಾ? ಅಮ್ಮ ಆ ರಬ್ಬರ್ ಮಾಡಿಕೊಡೋಕೆ ಮುಂಚೆ ನಾನು ದಿನಾ ಸುಟ್ಕೋತಿದ್ದೆ. ನಿಮ್ಮ ಕಣ್ಣಿಗೆ ಬಿತ್ತಾ ಒಂದು ದಿನ?”

ಲಾಲಾ ಯಾಮ್ನಾ ಸ್ಟೂಲಿನಿಂದಲೇ ನುಡಿದರು. “ಆ ರಬ್ಬರ್ ಕದ್ದವನ ಕೈ ಸುಟ್ಟು ಹೋಗ್ಲಿ.”

“ಅತ್ತೆ, ಶಾಪ ಗೀಪ ಯಾಕೆ, ಪಾಪ” ಎಂದ ಜಿಲಾಲಿ, ಇನ್ನೊಂದು ಹನಿ ಸಿಡಿಯುತ್ತಿದ್ದಂತೆ. ಅತ್ತೆಯ ಶಾಪ ಇಷ್ಟು ಬೇಗ ಫಲಿಸುವುದನ್ನು ಅವನು ಮೊದಲ ಸಲ ನೋಡಿದ.

ಆ ನೋವಿನಲ್ಲೂ ಅವನಿಗೆ ಒಳಗೊಳಗೇ ಹಿಗ್ಗು. ‘ನನ್ನ ಸಾಧನ ಅಡುಗೆಮನೆಗೂ ಆಗುತ್ತದಲ್ಲ’ ಎಂದುಕೊಂಡ. ಎದುರಿಗೆ ಸಿಂಕಿನ ಪಕ್ಕ ದೊಡ್ಡ ಪಾತ್ರೆಯ ಗಾಜಿನ ಮುಚ್ಚಳ ರಬ್ಬರಿಲ್ಲದೆ ಬೋಳಾಗಿ ಒರಗಿತ್ತು. ಅದರ ಹಿಡಿಗೆ ಗಂಟು ಹಾಕಿದ್ದ ಎಲಾಸ್ಟಿಕ್ ಪಟ್ಟಿ ಬಾಲದಂತೆ ನೇತಾಡುತ್ತಿತ್ತು. ಅವನ ಕಣ್ಣು ಅದರ ಮೇಲೆ ಹೋಯಿತು, ಬಂತು.

ನಮೂನೆ ಸಿದ್ಧವಾಯಿತು. ಅರ್ಜಿ ಬರೆಸಲು ಜಿಲಾಲಿ ನ್ಯಾಯಾಲಯದ ಕಮಾನಿನ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಅಲ್ಲಾಲ್‌ನ ಹತ್ತಿರ ಹೋದ. ಮೂವತ್ತು ವರ್ಷದಿಂದ ತಲಾಖ್ ಅರ್ಜಿಗಳನ್ನೇ ಕುಟ್ಟಿದ ಕೈ ಅದು. ಬೇರೆ ಧಾಟಿ ಅದಕ್ಕೆ ಬರುತ್ತಿರಲಿಲ್ಲ. ‘ಸದರಿ ಕ್ಯಾಮೆರಾ ಸದರಿ ಗುರಾಣಿಯೊಂದಿಗೆ ಇದುವರೆಗೆ ಹೊಂದಿಕೊಂಡು ಬಾಳಲು ನಿರಾಕರಿಸಿದ್ದು, ಅರ್ಜಿದಾರನು ಉಭಯತ್ರರ ನಡುವೆ ರಬ್ಬರಿನ ಮಧ್ಯಸ್ಥಿಕೆ ವಹಿಸಿ ಅವುಗಳನ್ನು ಒಂದುಗೂಡಿಸಿರುತ್ತಾನೆ’ ಎಂದು ಶುರುವಾಗಿ, ‘ಆದಕಾರಣ ಘನ ಕಚೇರಿಯು ದಯಮಾಡಿ’ ಎಂದು ಮುಗಿಯಿತು. ಓದಿದ ಜಿಲಾಲಿಯ ಕಣ್ಣು ಒದ್ದೆಯಾಯಿತು. ತನ್ನ ತಲೆಯಿಂದ ಇಷ್ಟು ಗಂಭೀರವಾದದ್ದು ಹೊರಟೀತೆಂದು ಅವನಿಗೇ ಗೊತ್ತಿರಲಿಲ್ಲ.

ಅರ್ಜಿ ಕೊಟ್ಟ ದಿನವೇ ದಾರಿಯಲ್ಲಿ ಕೆತ್ತನೆಯ ಅಂಗಡಿ ಹೊಕ್ಕು ಹಿತ್ತಾಳೆಯ ಫಲಕ ಮಾಡಿಸಿದ: ‘ಜಿಲಾಲಿ ದುಕ್ಕಾಲಿ, ಆವಿಷ್ಕಾರಕ’. ಪೇಟೆಂಟ್ ಬಂದ ಕ್ಷಣ ಮನೆಬಾಗಿಲಿಗೆ ಬಡಿಯುವುದೆಂದು ಹಾಸಿಗೆಯ ಕೆಳಗೆ ಬಚ್ಚಿಟ್ಟ. ದಿನಾ ಮಲಗುವ ಮುಂಚೆ ಕೈ ಹಾಕಿ ಅಕ್ಷರಗಳನ್ನು ಸವರಿಕೊಳ್ಳುತ್ತಿದ್ದ. ತಾಮೂ ಕೇಳಿದರೆ ಬೆನ್ನುನೋವು ಎನ್ನುತ್ತಿದ್ದ.

ತಿಂಗಳುಗಳು ಕಳೆದವು. ಅವನ ನಡಿಗೆ ಬದಲಾಯಿತು. ಮೀನಿಗೆ ಉಪ್ಪು ಕಮ್ಮಿ ಎನ್ನುವಾಗಲೂ ದನಿಯಲ್ಲಿ ಒಂದು ಮೇಸ್ತ್ರಿತನ ಬಂತು. ಲಾಲಾ ಯಾಮ್ನಾ ಸ್ನಾನದಮನೆಯಿಂದ ಬೇರೊಂದು ರಬ್ಬರ್ ಬಟ್ಟಲು ಕಿತ್ತು ತಂದು ಮಗಳ ಕಷ್ಟ ನೀಗಿಸಿದ್ದರು. ಅದೂ ಅವನ ಗಮನಕ್ಕೆ ಬರಲಿಲ್ಲ. ಫೋನ್ ಹಿಡಿಯಲು ಯಾರೂ ಕರೆಯುತ್ತಿಲ್ಲ ಎಂಬುದಷ್ಟೇ ಬಂತು. ದೊಡ್ಡವನಾದೆನೆಂದು ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡ.

ಕೊನೆಗೊಂದು ದಿನ ಕಚೇರಿಯಿಂದ ಪತ್ರ ಬಂತು. ಪರೀಕ್ಷಕರನ್ನು ಖುದ್ದಾಗಿ ಕಾಣಬೇಕಂತೆ. ಜಿಲಾಲಿ ಹಬ್ಬಕ್ಕೆ ಹಾಕುವ ಜೆಲ್ಲಾಬ ನಿಲುವಂಗಿ ತೊಟ್ಟು, ಹಳದಿ ಚಪ್ಪಲಿ ಮೆಟ್ಟಿ, ನಮೂನೆಯ ಚೀಲವನ್ನು ಎದೆಗವಚಿಕೊಂಡು ಟ್ರಾಮ್ ಹತ್ತಿದ.

ಪರೀಕ್ಷಕಿಯ ಹೆಸರು ಶ್ರೀಮತಿ ಬನ್ನೀಸ್. ನಲವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ. ಹೆಂಗಸೆಂದು ತಿಳಿದು ಜಿಲಾಲಿಗೆ ಸ್ವಲ್ಪ ನಿರಾಸೆಯಾಯಿತು. ಗುರಾಣಿಯ ವಿಷಯ ಇವಳಿಗೇನು ಗೊತ್ತಾದೀತು ಎಂದು. ಅದಕ್ಕೇ ಬಿಡಿಸಿ ಬಿಡಿಸಿ ವಿವರಿಸಿದ. ಅವನು ಬಾಯಿ ತೆರೆದ ಕೂಡಲೇ ಶ್ರೀಮತಿ ಬನ್ನೀಸ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಆಮೇಲೆ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ತನ್ನ ವಾಕ್ಚಾತುರ್ಯಕ್ಕೆ ಬೆರಗಾಗಿದ್ದಾರೆಂದು ಜಿಲಾಲಿ ಇನ್ನಷ್ಟು ಉಬ್ಬಿದ.

“ನೋಡಿ ಮೇಡಂ, ಇದು ಇಪ್ಪತ್ತಾರು ವರ್ಷ ಗುರಾಣಿ ಜೊತೆ ಒದ್ದಾಡಿದವನಿಗೆ ಮಾತ್ರ ಹೊಳೆಯೋ ವಿಷಯ. ಅಡುಗೆಮನೇಲಿ ಕೂತವರಿಗೆಲ್ಲ ಹೊಳೆಯೋದಲ್ಲ.”

“ಹೌದಾ?” ಎಂದರು ಶ್ರೀಮತಿ ಬನ್ನೀಸ್. “ಸೀ ದುಕ್ಕಾಲಿ, ಒಂದು ಸಣ್ಣ ಉಪಕಾರ ಮಾಡ್ತೀರಾ? ‘ಉಪ್ಪು ಕಮ್ಮಿ’ ಅಂತ ಒಂದ್ಸಲ ಹೇಳಿ.”

ಜಿಲಾಲಿಗೆ ತಲೆಬುಡ ಅರ್ಥವಾಗಲಿಲ್ಲ. ಪೇಟೆಂಟ್ ಪರೀಕ್ಷೆಯಲ್ಲಿ ಇದೂ ಒಂದು ಪದ್ಧತಿಯಿರಬೇಕು ಎಂದುಕೊಂಡು, ಗಂಟಲು ಸರಿಪಡಿಸಿಕೊಂಡ.

“ಉಪ್ಪು ಕಮ್ಮಿ.”

ಪಕ್ಕದ ಮೇಜಿನಲ್ಲಿ ತಲೆತಗ್ಗಿಸಿ ಕೂತಿದ್ದ ಇಬ್ಬರು ಹೆಂಗಸರು ಒಟ್ಟಿಗೇ ಎದ್ದು ನಿಂತರು. “ಅವರೇ, ಅವರೇ” ಎಂದಳು ಒಬ್ಬಳು, ಬಾಯಿಗೆ ಕೈ ಅಡ್ಡ ಹಿಡಿದು. “ತಾಮೂಳ ಕೈ ವಿಡಿಯೊದ ಉಪ್ಪಿನ ಯಜಮಾನ್ರು!”

ಶ್ರೀಮತಿ ಬನ್ನೀಸ್ ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮನೇಲಿ ಬೂತಾಯಿ ಮೀನು ಮಾಡೋದೇ ನಿಮ್ಮ ಮನೆಯವರನ್ನ ನೋಡಿ. ನಿಮ್ಮ ಅರ್ಜಿ ಓದ್ತಾ ಓದ್ತಾ ಇದನ್ನೆಲ್ಲೋ ನೋಡಿದ್ದೀನಿ ಅಂತ ಅನ್ನಿಸ್ತಾನೇ ಇತ್ತು. ಹೋದ ಮಂಗಳವಾರ ಮೀನು ಕರೀವಾಗ ನೆನಪಾಯ್ತು.”

ಅವರು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು. ಅರ್ಜಿಗಿಂತ ಎರಡು ವರ್ಷ ಹಿಂದಿನ ವಿಡಿಯೊ. ಮೊದಲಿಗೆ ತಾಮೂಳ ದನಿ: ‘ಎಣ್ಣೆ ಸಿಡಿದು ಫೋನ್ ಹಾಳಾಗ್ತಿತ್ತು, ನನ್ನ ಕೈ ಸುಡ್ತಿತ್ತು. ಅದಕ್ಕೆ ನಮ್ಮಮ್ಮ ಏನು ಮಾಡಿದಾರೆ ನೋಡಿ.’ ಮುದಿಕೈಗಳೆರಡು ಕಾಣಿಸಿಕೊಂಡವು. ಗಾಜಿನ ಮುಚ್ಚಳ ಎತ್ತಿ ತೋರಿಸಿದವು. ರಬ್ಬರ್ ಬಟ್ಟಲು ಒತ್ತಿದವು. ಅದರ ಬೆನ್ನಿಗೆ ಇನ್ನೊಂದು ಫೋನನ್ನು ಇಟ್ಟು ಎಲಾಸ್ಟಿಕ್ ಪಟ್ಟಿ ಬಿಗಿದವು. ಮುಚ್ಚಳವನ್ನು ಬಾಣಲೆಗೆ ಅಡ್ಡ ಹಿಡಿದವು, ಥೇಟ್ ಪೊಲೀಸನಂತೆ.

ಚೀಲದೊಳಗಿದ್ದ ರಬ್ಬರ್ ಬಟ್ಟಲೂ ಪರದೆಯ ಮೇಲಿದ್ದ ರಬ್ಬರ್ ಬಟ್ಟಲೂ ಒಂದೇ. ಅಂಚಿನಲ್ಲಿ ಹಲ್ಲಿನಿಂದ ಕಚ್ಚಿದಂತೆ ಒಂದು ಸೀಳಿತ್ತು, ಎರಡರಲ್ಲೂ.

ಆದರೂ ಗಾಜಿನ ಕೋಣೆಯ ಆಸೆ ಸುಲಭಕ್ಕೆ ಸಾಯುವಂಥದ್ದಲ್ಲ. “ಮೇಡಂ, ಅದು ಪಾತ್ರೆ ಮುಚ್ಚಳ. ನನ್ನದು ಗುರಾಣಿ. ಮುಚ್ಚಳ ಬೇರೆ, ಗುರಾಣಿ ಬೇರೆ.”

“ನಿಜ. ನಾನೂ ಹಾಗೇ ಅಂದ್ಕೊಂಡೆ” ಎಂದರು ಶ್ರೀಮತಿ ಬನ್ನೀಸ್. “ಮುಚ್ಚಳ ನೋಡಿ ಪೊಲೀಸ್ ಗುರಾಣಿ ಯಾರಿಗೂ ನೆನಪಾಗಲ್ಲ, ಅದರಲ್ಲೊಂದು ಹೊಸತನ ಇದೆ ಅಂತ ನಿಮ್ಮ ಪರವಾಗೇ ಬರೆಯೋಣ ಅಂತಿದ್ದೆ. ಮುಂದೆ ನೋಡಿ.”

ಮುಂದೆ, ಪಟ್ಟೆ ಪಾಯಜಾಮದ ಒಂದು ಆಕೃತಿ ಚಿತ್ರದೊಳಗೆ ನುಗ್ಗಿತು. ಒಂದು ಕೈಯಲ್ಲಿ ಪಾಯಜಾಮ ಜಾರದಂತೆ ಹಿಡಿದುಕೊಂಡಿತ್ತು. ಇನ್ನೊಂದು ಕೈ ಮೀನಿಗೆ ಹೋಯಿತು. ಬಾಯಿ ತುಂಬ ಮೀನಿದ್ದರೂ ದನಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿತ್ತು:

‘ಇದೇನಿದು, ಮುಚ್ಚಳಕ್ಕೆ ಕಣ್ಣು ಬಂದಿದೆ? ನಮ್ಮ ಕಾರ್ಖಾನೆ ಗುರಾಣಿಗೂ ಹೀಗೇ ಒಂದು ರಬ್ಬರ್ ಹಚ್ಚಿ, ಒಳಗಡೆಯಿಂದ ಕ್ಯಾಮೆರಾ ಸಿಗಿಸಿ ಪೊಲೀಸರ ಕೈಗೆ ಕೊಡೋಣ. ಅತ್ತೇನ ಸೇನಾಪತಿ ಮಾಡಿ ಮುಂದೆ ನಿಲ್ಸೋಣ. ಇಂಥ ಕಸಕ್ಕೆಲ್ಲ ನನ್ನ ಪಾಯಜಾಮದ ಎಲಾಸ್ಟಿಕ್ ಬೇಕಿತ್ತಾ? ಉಪ್ಪು ಕಮ್ಮಿ.’

ಪಕ್ಕದ ಮೇಜಿನ ಹೆಂಗಸರು ಕಡತಗಳ ಹಿಂದೆ ಅಡಗಿ ನಡುಗುತ್ತಿದ್ದರು. ನಗು ತಡೆಯುವುದು ಕಷ್ಟದ ಕೆಲಸ.

“ಗುರಾಣಿ, ಪೊಲೀಸರು, ಒಳಗಡೆಯಿಂದ ಕ್ಯಾಮೆರಾ” ಎಂದು ಶ್ರೀಮತಿ ಬನ್ನೀಸ್ ಬೆರಳು ಮಡಚಿದರು. “ನಿಮ್ಮ ಅರ್ಜೀಲಿ ಇರೋದೆಲ್ಲ ಈ ಪಾಯಜಾಮದವರು ಎರಡು ವರ್ಷ ಮುಂಚೆ ಲೋಕಕ್ಕೆಲ್ಲ ಸಾರಿಬಿಟ್ಟಿದ್ದಾರೆ. ಇವರು ಬಾಯಿ ಮುಚ್ಕೊಂಡಿದ್ರೆ ನಿಮಗೆ ಪೇಟೆಂಟ್ ಸಿಗ್ತಿತ್ತೋ ಏನೋ.”

ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. “ಅದು ನಾನಲ್ಲ, ಮೇಡಂ” ಎಂದುಬಿಟ್ಟ ಜಿಲಾಲಿ.

“ಸರಿ. ಹಾಗಾದ್ರೆ ಬರೆದುಕೊಡಿ.” ಅವರು ಒಂದು ಹಾಳೆ ಮುಂದೆ ಸರಿಸಿದರು. “ನಿಮ್ಮ ಮನೆ ಅಡುಗೆಮನೇಲಿ, ನಿಮ್ಮ ಹೆಂಡತಿ ಎದುರು, ಪಾಯಜಾಮ ಹಿಡ್ಕೊಂಡು ನಿಂತಿರೋ ಈ ಪರಪುರುಷ ಯಾರು ಅಂತ.”

ಜಿಲಾಲಿ ಪೆನ್ನು ತೆಗೆದುಕೊಂಡ. ಹಾಳೆ ನೋಡಿದ. ಪರದೆ ನೋಡಿದ. ಪೇಟೆಂಟ್ ಕಳೆದುಕೊಂಡ ಗಂಡಸು ಹೇಗೋ ಬದುಕಬಹುದು. ಈ ಕಾಗದಕ್ಕೆ ರುಜು ಹಾಕಿ ತಾಮೂಳ ಮನೆಗೆ ಹೋದ ಗಂಡಸು ಬದುಕುವುದಿಲ್ಲ.

“ನಾನೇ” ಎಂದ, ಯಾರಿಗೂ ಕೇಳದಷ್ಟು ಮೆಲ್ಲಗೆ.

ಟ್ರಾಮಿನಲ್ಲಿ ಕೂತು ವರದಿ ಓದಿಕೊಂಡ. ‘ಗಾಜಿನ ಮುಚ್ಚಳದ ಹಿಂಬದಿಗೆ ಕ್ಯಾಮೆರಾ ಕೂರಿಸುವ ವಿಧಾನವನ್ನು ಯಾಮ್ನಾ ಎಂಬ ಮಹಿಳೆ ಮೊದಲೇ ಬಹಿರಂಗಪಡಿಸಿರುತ್ತಾರೆ. ಅದನ್ನು ಪೊಲೀಸ್ ಗುರಾಣಿಗೆ ಅಳವಡಿಸಬಹುದೆಂಬ ಸೂಚನೆಯನ್ನು ಪಟ್ಟೆ ಪಾಯಜಾಮ ಧರಿಸಿದ ವ್ಯಕ್ತಿಯು (ಅರ್ಜಿದಾರರೇ ಎಂದು ಒಪ್ಪಿಕೊಂಡಿದ್ದಾರೆ) ಆರನೆಯ ನಿಮಿಷದಲ್ಲಿ ನೀಡಿರುತ್ತಾರೆ. ಆದಕಾರಣ ಅರ್ಜಿಯಲ್ಲಿ ಹೊಸತೇನೂ ಇಲ್ಲ.’ ಕೆಳಗೆ ಸರ್ಕಾರದ ದುಂಡು ಮೊಹರು. ಎಷ್ಟು ತಿಂಗಳು ಕನಸಿನಲ್ಲಿ ಕಂಡ ಮೊಹರು ಅದು! ಅವನಿಗೆ ನಿಜಕ್ಕೂ ಅಳು ಬಂತು. ಗಾಜಿನ ಕೋಣೆಯ ಕುರ್ಚಿ ಕಣ್ಣೆದುರಿಗೆ ನಿಧಾನವಾಗಿ ತಿರುಗಿ ಬೆನ್ನು ತೋರಿಸಿತು.

ಮನೆಗೆ ಬಂದರೆ ಇನ್ನೊಂದು ಗಂಡಾಂತರ ಕಾದಿತ್ತು. ಅಂದು ತಾಮೂ ಹಾಸಿಗೆ ಬಿಸಿಲಿಗೆ ಹಾಕಿದ್ದಳು. ಹಿತ್ತಾಳೆಯ ಫಲಕ ಊಟದ ಮೇಜಿನ ನಡುವೆ, ಚಹಾದ ಲೋಟಗಳ ಪಕ್ಕ ಹೊಳೆಯುತ್ತಿತ್ತು.

“ಏನಿದು?” ಎಂದಳು ತಾಮೂ. “ಆವಿಷ್ಕಾರಕ ಅಂತೆ. ಏನು ಆವಿಷ್ಕಾರ ಮಾಡಿದ್ರಿ ಸೀ ಜಿಲಾಲಿ? ಬೆನ್ನುನೋವಾ?”

ಅವನು ಉತ್ತರವಾಗಿ ವರದಿಯನ್ನೂ ಚೀಲದಲ್ಲಿದ್ದ ರಬ್ಬರ್ ಬಟ್ಟಲನ್ನೂ ಮೇಜಿನ ಮೇಲಿಟ್ಟ. ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ. ಲಾಲಾ ಯಾಮ್ನಾ ರಬ್ಬರನ್ನು ಎತ್ತಿ, ಸೀಳಿದ ಅಂಚನ್ನು ಬೆರಳಿನಿಂದ ಸವರಿ, ಅಳಿಯನ ಮಣಿಕಟ್ಟಿನ ಸುಟ್ಟಕಲೆಗಳನ್ನು ನೋಡಿದರು. “ಶಾಪ ವಾಪಸ್ ತಗೊಂಡೆ, ಮಗಾ” ಎಂದರು.

ತಾಮೂ ವರದಿಯನ್ನು ಗಟ್ಟಿಯಾಗಿ ಓದಿದಳು. ‘ಯಾಮ್ನಾ ಎಂಬ ಮಹಿಳೆ’ ಎಂಬಲ್ಲಿಗೆ ಬಂದಾಗ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. ಮತ್ತೊಮ್ಮೆ ಓದಿದಳು. ಮುದುಕಿ ಸ್ಟೂಲಿನ ಮೇಲೆ ನೆಟ್ಟಗೆ ಕೂತರು.

“ಸರ್ಕಾರ ನನ್ನ ಹೆಸರು ಬರೆದಿದೆಯಾ?”

“ಬರೆದಿದೆ ಅಮ್ಮಾ. ಮೊಹರು ಹಾಕಿ ಬರೆದಿದೆ. ನೀನೇ ಮೊದಲು ಮಾಡಿದ್ದು ಅಂತ.”

“ಎಪ್ಪತ್ತೆಂಟು ವರ್ಷದಲ್ಲಿ ಸರ್ಕಾರ ನನ್ನ ಹೆಸರು ಬರೆದದ್ದು ಗುರುತಿನ ಚೀಟೀಲಿ ಒಂದು ಸಲ. ಅದೂ ತಪ್ಪಾಗಿ” ಎಂದು ಲಾಲಾ ಯಾಮ್ನಾ ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಜಿಲಾಲಿಗೆ ತನ್ನ ಅಳು ಎಲ್ಲಿಡುವುದೆಂದು ತಿಳಿಯಲಿಲ್ಲ. ಮನೆಯಲ್ಲಿ ಅಳುವ ಸರದಿಯೂ ಕೈತಪ್ಪಿಹೋಗಿತ್ತು.

ಮರುದಿನ ಹಾಜ್ ಲರ್ಬಿ ವರದಿ ಓದಿ ನಕ್ಕ ನಗುವಿಗೆ ಕಾರ್ಖಾನೆಯ ಮೆಷಿನ್‌ಗಳು ನಿಂತವು. ಕಣ್ಣೊರೆಸಿಕೊಂಡು, “ಕುರ್ಚಿ ಅಲ್ಲೇ ಇರ್ಲಿ, ಜಿಲಾಲಿ. ನಿನ್ನ ಅತ್ತೆಗೆ ಇನ್ನೇನಾದ್ರೂ ಹೊಳೆದ್ರೆ, ವಿಡಿಯೊ ಮಾಡೋಕೆ ಮುಂಚೆ ಕರ್ಕೊಂಡು ಬಾ. ಆಕೆ ಕೂತ್ಕೊಳ್ಳಲಿ ಅದರಲ್ಲಿ. ನೀನು ಮಾತ್ರ ಆಕೆ ಹಿಂದೆ ನಿಂತು ಬಾಯಿ ತೆರೀಬೇಡ” ಎಂದರು. ಜಿಲಾಲಿ ತಲೆಯಾಡಿಸಿ ತನ್ನ ಡ್ರಿಲ್ಲಿಂಗ್ ಮೆಷಿನ್ ಹತ್ತಿರ ಹೋಗಿ ನಿಂತ. ಅಂದು ಅವನು ಕೊರೆದ ತೂತುಗಳು ಎಂದಿಗಿಂತ ನೇರವಾಗಿದ್ದವು ಎಂದು ನೋಡಿದವರು ಹೇಳುತ್ತಾರೆ.

ವರದಿಗೆ ತಾಮೂ ಗಾಜಿನ ಚೌಕಟ್ಟು ಹಾಕಿಸಿ ಒಲೆಯ ಮೇಲ್ಗಡೆ ತೂಗುಹಾಕಿದಳು. ಹಿತ್ತಾಳೆಯ ಫಲಕವನ್ನು ಕೆತ್ತನೆಯವನ ಹತ್ತಿರ ಒಯ್ದು ಹಿಂಬದಿಗೆ ಬೇರೆ ಬರೆಸಿದಳು. ಶುಕ್ರವಾರ ಕುಸ್ಕುಸ್ ಊಟವಾದ ಮೇಲೆ ಅದನ್ನು ಅವನ ಕೈಗಿತ್ತು, “ಬಾಗಿಲಿಗೆ ಹಾಕಿ, ಸೀ ಜಿಲಾಲಿ. ನಾಲ್ಕು ತೂತು. ನಿಮ್ಮ ಕೈಯಷ್ಟು ನೇರ ಬೇರೆಯವರದ್ದಿಲ್ಲ” ಎಂದಳು.

ಅದರಲ್ಲಿ ಕೊಂಕಿರಲಿಲ್ಲ. ಜಿಲಾಲಿ ಹುಡುಕಿ ನೋಡಿದರೂ ಸಿಗಲಿಲ್ಲ. ಅಂಗಿಯ ತೋಳು ಮಡಚಿ ಕೊರೆದ. ನೆರೆಹೊರೆಯವರೆಲ್ಲ ಮೆಟ್ಟಿಲಿನಲ್ಲಿ ನಿಂತು ನೋಡಿದರು. ಲಾಲಾ ಯಾಮ್ನಾ ಸ್ಟೂಲನ್ನು ಬಾಗಿಲಿಗೇ ತರಿಸಿಕೊಂಡು, ಫಲಕ ಓರೆಯಾಯಿತೇ ಎಂದು ತಲೆ ವಾರೆ ಮಾಡಿ ಪರೀಕ್ಷಿಸಿದರು. ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ.

ದೊಡ್ಡ ಅಕ್ಷರಗಳಲ್ಲಿ: ‘ಲಾಲಾ ಯಾಮ್ನಾ, ಆವಿಷ್ಕಾರಕಿ’.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಕೆತ್ತನೆಯವನಿಗೆ ಇದನ್ನು ಹೇಳಿ ಬರೆಸಿದವಳು ತಾಮೂ. ಬೆಳಕು ಸರಿಯಾಗಿ ಬಿದ್ದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರಗಳಲ್ಲಿ: ‘ತೂತುಗಳು: ಜಿಲಾಲಿ’.